ನೆರಳಿನ ಕೊಳದ ಸುತ್ತ ನಾನು ನೆಟ್ಟ ಗಿಡಗಳು

ನಮ್ಮ ಮನೆ ತುಮಕೂರಿನ ಹೊರವಲಯದಲ್ಲಿದೆ. ಮನೆಯ ಉತ್ತರಕ್ಕೆ ಒಂದು ಹಲಸಿನ ಮರ, ಅದರಾಚೆ ಹೊಂಗೆ, ಎರಡರ ನಡುವೆ ಸಿಮೆಂಟಿನ ಪುಟ್ಟ ಕೊಳ. ಎಂಟಡಿ ಉದ್ದ, ಐದಡಿ ಅಗಲ, ಒಂದೂವರೆ ಅಡಿ ನೀರು. ಅದರ ಸುತ್ತ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುವ ಗಿಡ ಬೇಕಿತ್ತು. ಕೇಳಿದವರೆಲ್ಲ ನೆರಳಲ್ಲಿ ಏನು ಬರುತ್ತದೆ ಅನ್ನೋದರಿಂದಲೇ ಮಾತು ಶುರು ಮಾಡಿದರು. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಕೊಳದ ಪಕ್ಕದ ಮಣ್ಣು ನಿಜವಾಗಿ ಒದ್ದೆ ಇದೆಯಾ ಅಂತ ಮೊದಲು ನೋಡಬೇಕು.

ಗಿಡ ತರುವ ಮುಂಚೆ ಕೊಳದ ಅಂಚಿನಿಂದ ಒಂದು ಗೇಣು ಈಚೆ ಗುದ್ದಲಿ ಹಾಕಿ ಅಗೆದು ನೋಡಿದೆ. ಮೇಲೆ ಕೊಳೆತ ಎಲೆ, ಅದರ ಕೆಳಗೆ ಬೆರಳು ದಪ್ಪ ತಂಪು ಮಣ್ಣು, ಆಮೇಲೆ ಪೂರ್ತಿ ಒಣ ಕೆಮ್ಮಣ್ಣು, ಅದರ ತುಂಬಾ ಹಲಸಿನ ಸಣ್ಣ ಬೇರು. ಆ ಕಡೆ ನೀರು ತುಂಬಿ ನಿಂತಿದೆ, ಈ ಕಡೆ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯೇ ಕಟ್ಟುವುದಿಲ್ಲ. ನೀರು ಆಚೆ ಜಿನುಗಬಾರದು ಅಂತಲೇ ಅಲ್ವಾ ನಾವು ಸಿಮೆಂಟು, ಟಾರ್ಪಾಲು ಹಾಕುವುದು? ಊರ ಕೆರೆಯ ಏರಿ ಪಕ್ಕ ಜೌಗು ಇರುತ್ತದೆ, ಮನೆಯ ಕೊಳದ ಪಕ್ಕ ಇರುವುದಿಲ್ಲ. ಮರ ಇದ್ದರಂತೂ ಇನ್ನೂ ಒಣಗು. ಹಾಗಾಗಿ 'ನೀರಿನ ಪಕ್ಕದ ಗಿಡ' ಅಂತ ನರ್ಸರಿಯಲ್ಲಿ ಕೊಡುವುದನ್ನು ಸುಮ್ನೆ ತಂದು ಅಂಚಿಗೆ ನೆಟ್ಟರೆ ಅದು ಬೇಸಿಗೆ ದಾಟುವುದು ಕಷ್ಟ.

ಅದಕ್ಕೇ ಜಾಗವನ್ನು ಮೂರು ಮಾಡಿಕೊಂಡೆ. ನೀರಿನ ಒಳಗೆ ಕುಂಡ ಇಡುವ ಮೆಟ್ಟಿಲು, ನಾನೇ ಮಾಡಿಕೊಂಡ ಒಂದು ಜೌಗು ಮಡಿ, ಉಳಿದದ್ದೆಲ್ಲ ಒಣ ನೆರಳು.

ಜೌಗು ಮಡಿಗೆ ಕೊಳದ ತಗ್ಗಿನ ಕಡೆ ಒಂದೂವರೆ ಅಡಿ ಆಳ ತೆಗೆಸಿದೆ. ತಳಕ್ಕೆ ಹಳೇ ಟಾರ್ಪಾಲು ಹಾಸಿ ಅಲ್ಲಲ್ಲಿ ಮೊಳೆಯಿಂದ ತೂತು ಮಾಡಿದೆ. ನೀರು ನಿಧಾನಕ್ಕೆ ಇಳಿಯಬೇಕು, ನಿಂತು ನಾರಬಾರದು. ಮೇಲೆ ಕೆರೆ ಗೋಡು, ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಕೊಳದ ಆ ಬದಿಯ ಅಂಚನ್ನು ಒಂದಿಂಚು ತಗ್ಗಿಸಿದ್ದರಿಂದ ಮಳೆ ಬಂದಾಗಲೂ, ನಾನು ಬೋರ್ ನೀರು ಬಿಟ್ಟಾಗಲೂ ಹೆಚ್ಚಾದದ್ದು ಮಡಿಗೇ ಹರಿಯುತ್ತದೆ. ಇದನ್ನು ನೋಡಿ ನಮ್ಮತ್ತೆ ನಕ್ಕರು. "ಬಚ್ಚಲ ನೀರು ಹೋಗೋ ಕಡೆ ಕೆಸು, ಬಾಳೆ ಹಾಕ್ತಿದ್ವಲ್ಲ, ಅದೇ ತಾನೇ ಕಣಮ್ಮ ಇದು?" ಅಂದರು. ಹೌದು, ಅದೇ.

ಆ ಮಡಿಗೆ ಮೊದಲು ಹೋದದ್ದು ಕೆಸುವೇ. ನೆರಳಲ್ಲಿ ಅದರ ಎಲೆ ಇನ್ನೂ ಅಗಲ ಆಗುತ್ತದೆ, ಕಡು ಹಸಿರು ಬರುತ್ತದೆ. ಮಳೆ ಹನಿ ಎಲೆಗೆ ಅಂಟದೆ ಜಾರಿ ನಡುವೆ ಸೇರಿಕೊಂಡು, ಭಾರಕ್ಕೆ ಎಲೆ ಬಾಗಿ, ನೀರೆಲ್ಲ ಒಮ್ಮೆಗೇ ಕೊಳಕ್ಕೆ ಸುರಿಯುತ್ತದೆ. ಅದನ್ನು ನೋಡುತ್ತಾ ನಿಂತರೆ ಒಲೆ ಮೇಲಿಟ್ಟ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ. ಎಲೆ ಕೊಯ್ಯುವಾಗ ರಸ ಕೈಗೆ ತಾಗಿದರೆ ತುರಿಕೆ. ಅಡುಗೆಗೆ ಅಂದರೆ ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸಲೇಬೇಕು.

ಕೆಸುವಿನ ಹಿಂದೆ ಸುರುಳಿ ಸುಗಂಧಿ. ಆಳೆತ್ತರ ಬೆಳೆಯುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ ಬಿಳಿ ಹೂ ಬಿಡುತ್ತದೆ, ಸಂಜೆ ಘಮ ಜಾಸ್ತಿ. ಶುಂಠಿ ಜಾತಿಯ ಗೆಡ್ಡೆ, ಒಂದು ತುಂಡು ನೆಟ್ಟರೆ ಸಾಕು. ಹೂ ಬಿಟ್ಟು ಮುಗಿದ ಕಾಂಡವನ್ನು ಬುಡಕ್ಕೆ ಕೊಯ್ದು ಬಿಡುತ್ತೇನೆ, ಇಲ್ಲದಿದ್ದರೆ ಹೊಸದಕ್ಕೆ ಜಾಗ ಸಿಗುವುದಿಲ್ಲ.

ಅಂಚಿನ ಸಿಮೆಂಟು ಮುಚ್ಚಿದ್ದು ಒಂದೆಲಗ. ಇದಕ್ಕಿಂತ ಒಳ್ಳೆಯ ಗಿಡ ಆ ಜಾಗಕ್ಕೆ ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಹಂಬು ಹೋದಲ್ಲೆಲ್ಲ ಗಿಣ್ಣಿಗೆ ಗಿಣ್ಣಿಗೆ ಬೇರು ಬಿಡುತ್ತದೆ, ಅಂಚು ದಾಟಿ ನೀರಿನ ಮೇಲೂ ತೇಲುತ್ತದೆ. ವಾರಕ್ಕೊಮ್ಮೆ ಚಟ್ನಿಗೆ ಕಿತ್ತರೆ ಹದ್ದುಬಸ್ತಿನಲ್ಲೂ ಇರುತ್ತದೆ.

ನೀರಿನೊಳಗಿನ ಮೆಟ್ಟಿಲಿಗೆ ಬಜೆ. ನಮ್ಮ ಜಿಲ್ಲೆಯ ಕೊರಟಗೆರೆ ಕಡೆ ಇದನ್ನು ಬೆಳೆಯಾಗಿಯೇ ಬೆಳೆಯುತ್ತಾರೆ, ಗದ್ದೆಯಲ್ಲಿ ನೀರು ನಿಲ್ಲಿಸಿ. ಅಲ್ಲಿಂದ ಪರಿಚಯದವರೊಬ್ಬರು ಒಂದು ಚೀಲ ಬೇರು ತಂದುಕೊಟ್ಟರು. ಕತ್ತಿಯಂಥ ನೇರ ಎಲೆ, ಉಜ್ಜಿದರೆ ಬೇರಿನದೇ ವಾಸನೆ. ಮಣ್ಣಿನ ಕುಂಡಕ್ಕೆ ಬರೀ ಗೋಡು ತುಂಬಿ, ಬೇರಿನ ತುಂಡನ್ನು ಅಡ್ಡಲಾಗಿ ಮಲಗಿಸಿ, ಮೇಲೆ ಸಣ್ಣ ಜಲ್ಲಿ ಹರಡಿ, ಎರಡಿಂಚು ನೀರಿನ ಕೆಳಗೆ ಇಟ್ಟೆ. ನೀರಿನೊಳಗಿನ ಕುಂಡಕ್ಕೆ ಗೊಬ್ಬರ ಹಾಕಬಾರದು. ಅದು ನೀರಿಗೆ ಬಿಟ್ಟುಕೊಂಡು ಪಾಚಿ ಕಟ್ಟುತ್ತದೆ. ಜಲ್ಲಿ ಹಾಕುವುದು ಮೀನು ಮಣ್ಣು ಕೆದಕದಿರಲಿ ಅಂತ. ಅದರ ಪಕ್ಕ ಅಂಬ್ರೆಲಾ ಪಾಮ್ ಅಂತ ಮಾರುವ ಗಿಡ. ಅದಕ್ಕೆ ದುಡ್ಡು ಕೊಡಬೇಡಿ. ಯಾರ ಮನೆಯಲ್ಲಾದರೂ ಇದ್ದರೆ ದಂಟಿನ ತುದಿಯಲ್ಲಿ ಕೊಡೆಯ ಹಾಗೆ ಹರಡಿದ ಒಂದು ಎಲೆಗೊಂಚಲನ್ನು ಸ್ವಲ್ಪ ದಂಟಿನ ಸಮೇತ ಕೊಯ್ದು, ಎಲೆಯ ತುದಿಗಳನ್ನು ಕತ್ತರಿಸಿ, ತಲೆಕೆಳಗಾಗಿ ನೀರಲ್ಲಿ ಬಿಡಿ, ಬೇರು ಬರುತ್ತದೆ.

ತಾವರೆ, ನೈದಿಲೆ ಯಾಕಿಲ್ಲ ಅಂತ ಬಂದವರೆಲ್ಲ ಕೇಳುತ್ತಾರೆ. ಅವುಗಳಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ನೆರಳಲ್ಲಿ ಬರೀ ಎಲೆ, ಅದೂ ಸಪ್ಪೆ. ಕಾಬಾಳೆಯೂ ಅಷ್ಟೆ, ಬೆಳಕಿನ ಕಡೆ ವಾಲುತ್ತದೆ, ಹೂ ಕಮ್ಮಿ. ವಿಡಿಯೋಗಳಲ್ಲಿ ನೆರಳಿನ ಕೊಳ ಅಂದರೆ ಹೋಸ್ಟಾ, ಆಸ್ಟಿಲ್ಬೆ ತೋರಿಸುತ್ತಾರೆ. ಚಂದವೇ, ಆದರೆ ಅವು ಚಳಿ ದೇಶದವು. ಹೋಸ್ಟಾಗೆ ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗಿ ಏಳಬೇಕು, ನಮ್ಮ ಧನುರ್ಮಾಸದ ಚಳಿ ಅದಕ್ಕೆ ಯಾವ ಮೂಲೆಗೆ?

ಒಣ ನೆರಳಿನ ಭಾಗ ಇದೆಯಲ್ಲ, ಅಲ್ಲಿ ನಾನು ಜಾಸ್ತಿ ಕಸರತ್ತು ಮಾಡಲಿಲ್ಲ. ಸ್ಪೈಡರ್ ಲಿಲಿ, ಅರಿಶಿನ, ಬೆಳಕು ಸ್ವಲ್ಪ ಬೀಳುವ ಕಡೆ ದೊಡ್ಡಪತ್ರೆ. ಅರಿಶಿನ ಚಳಿಗಾಲದಲ್ಲಿ ಒಣಗಿ ಕಾಣೆಯಾಗುತ್ತದೆ, ಬೇಸಿಗೆ ಮಳೆ ಬಿದ್ದ ಮೇಲೆ ತಾನೇ ಮೇಲೇಳುತ್ತದೆ, ಅಲ್ಲಿಯವರೆಗೆ ಆ ಜಾಗ ಅಗೆಯದಿದ್ದರೆ ಸಾಕು. ಹಲಸಿನ ಬೇರು ಕಡಿದು ಗುಂಡಿ ಮಾಡಲಿಲ್ಲ, ಬೇರುಗಳ ನಡುವೆ ಸಿಕ್ಕ ಸಂದಿಯಲ್ಲೇ ನೆಟ್ಟೆ.

ಪೀಸ್ ಲಿಲಿ ಬಗ್ಗೆ ಒಂದು ಮಾತು. ನೆರಳಿಗೆ ಅದು ಒಳ್ಳೆಯದೇ, ಆದರೆ ನೆರಳು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಇರುವುದರಿಂದ ಮನೆಯ ಉತ್ತರದ ಜಾಗಕ್ಕೆ ಬಿಸಿಲೇ ಬೀಳುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನಲ್ಲಿ ನೋಡಿ ಪೂರ್ತಿ ನೆರಳು ಅಂದುಕೊಂಡ ಜಾಗಕ್ಕೆ ಮೇ ತಿಂಗಳ ಸುಡು ಬಿಸಿಲು ಬೀಳಬಹುದು. ಅದಕ್ಕೇ ಪೀಸ್ ಲಿಲಿ, ಜರೀಗಿಡ ಎರಡನ್ನೂ ಹಲಸಿನ ಬುಡದ ಹತ್ತಿರ ಕುಂಡದಲ್ಲೇ ಇಟ್ಟಿದ್ದೇನೆ. ಬೋರ್ ನೀರಿನ ಉಪ್ಪಿಗೆ ಅವುಗಳ ಎಲೆಯ ತುದಿ ಸುಡುತ್ತದೆ, ಮಳೆ ನೀರು ಹಿಡಿದಿಟ್ಟದ್ದನ್ನು ಅವಕ್ಕೆ ಮಾತ್ರ ಹಾಕುತ್ತೇನೆ.

ಕೊಳದ ಒಂದು ಬದಿಗೆ ಏನೂ ನೆಟ್ಟಿಲ್ಲ, ಎರಡು ಚಪ್ಪಡಿ ಕಲ್ಲು ಹಾಕಿದ್ದೇನೆ. ಮಾಘ ಕಳೆಯುತ್ತಿದ್ದ ಹಾಗೆ ಹೊಂಗೆ ಎಲೆ ಉದುರಿಸುತ್ತದೆ, ಹಲಸಿನ ಎಲೆ ವರ್ಷವಿಡೀ ಬೀಳುತ್ತದೆ. ನೀರಲ್ಲಿ ಕೊಳೆತರೆ ಬಣ್ಣ ಕಂದಾಗುತ್ತದೆ, ಬೆಳಗಿನ ಜಾವ ಗಪ್ಪಿ ಮೀನು ಉಸಿರಿಗೆ ಮೇಲೆ ಬಂದು ಬಾಯಿ ಬಿಡುತ್ತವೆ. ಆ ಮೀನು ಇಲ್ಲದಿದ್ದರೆ ಸೊಳ್ಳೆ ಮರಿಗಳನ್ನು ತಿನ್ನುವವರು ಯಾರು? ಅದಕ್ಕೇ ಚಪ್ಪಡಿ ಮೇಲೆ ಕೂತು ಬಲೆಯಿಂದ ಎಲೆ ಎತ್ತಿ ಜೌಗು ಮಡಿಗೇ ಹಾಕುತ್ತೇನೆ. ಸುತ್ತಲೂ ಗಿಡ ತುಂಬಿಸಿದ್ದರೆ ಕೈ ಹಾಕಲೂ ಜಾಗ ಇರುತ್ತಿರಲಿಲ್ಲ.