ಎಲ್ಲರೂ ಬೇಡ ಅಂದ 9700ಎಕ್ಸ್, ಕಲಬುರಗಿಯ ಬೇಸಿಗೆಯಲ್ಲಿ

2024ರ ಆಗಸ್ಟ್ 8ರಂದು ಕಂಪ್ಯೂಟರ್ ಚಿಪ್ ಕಂಪನಿ ಎಎಂಡಿ ತನ್ನ ರೈಜನ್ 9000 ಸರಣಿಯ ಮೊದಲ ಎರಡು ಪ್ರೊಸೆಸರ್‌ಗಳನ್ನು ಮಾರಾಟಕ್ಕೆ ಬಿಟ್ಟಿತು: 9600ಎಕ್ಸ್ ಮತ್ತು 9700ಎಕ್ಸ್. ಹಿಂದಿನ ದಿನವೇ ವಿಮರ್ಶೆಗಳು ಬಂದಿದ್ದವು. ಹಾರ್ಡ್‌ವೇರ್ ಅನ್‌ಬಾಕ್ಸ್ಡ್, ಗೇಮರ್ಸ್ ನೆಕ್ಸಸ್ ಥರದ ಚಾನೆಲ್‌ಗಳನ್ನು ನೋಡಿದವರಿಗೆಲ್ಲ ಒಂದೇ ಮಾತು ಕಿವಿಗೆ ಬಿತ್ತು: ಗೇಮ್‌ಗಳಲ್ಲಿ ಹಳೆಯದಕ್ಕೂ ಹೊಸದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಈ ಚಿಪ್‌ಗಳ ಒಳವಿನ್ಯಾಸಕ್ಕೆ ಎಎಂಡಿ ಇಟ್ಟ ಝೆನ್ 5 ಅನ್ನುವ ಹೆಸರಿನ ಮುಂದೆ ಶೇಕಡಾ ಚಿಹ್ನೆ ಹಾಕಿ, ಹೆಚ್ಚಿದ್ದು ಇಷ್ಟೇ ಅಂತ ಜನ ನಗಾಡಿದರು.

ಆ ಬೇಸರಕ್ಕೆ ಕಾರಣ ಇತ್ತು. ಜೂನ್‌ನಲ್ಲಿ ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿ ಎಎಂಡಿ ಹೇಳಿದ್ದು, ಅದೇ ಕ್ಲಾಕ್ ಸ್ಪೀಡಿನಲ್ಲಿ ಸರಾಸರಿ ಶೇ 16ರಷ್ಟು ಜಾಸ್ತಿ ಕೆಲಸ ಆಗುತ್ತದೆ ಅಂತ. ಅದನ್ನು ಕೇಳಿದ ಗೇಮರ್‌ಗಳು ತಮ್ಮ ಎಫ್‌ಪಿಎಸ್‌ಗೂ (ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳ ಸಂಖ್ಯೆ) ಅದೇ ಲೆಕ್ಕ ಹಾಕಿಕೊಂಡರು. 9700ಎಕ್ಸ್‌ಗೆ 359 ಡಾಲರ್ ಬೆಲೆ. ಹಿಂದಿನ 7000 ಸರಣಿಯ, ಅಷ್ಟೇ 8 ಕೋರ್ (ಲೆಕ್ಕ ಮಾಡುವ ಘಟಕ) ಇರುವ 7700 ಆಗಲೇ ಅದಕ್ಕಿಂತ ಎಷ್ಟೋ ಅಗ್ಗವಾಗಿತ್ತು, ಅದೂ 65 ವಾಟ್‌ನದೇ. ಹಾಗಿರುವಾಗ ಗೇಮ್ ಆಡುವವರು ಹೊಸದನ್ನು ಯಾಕೆ ತಗೋಬೇಕು? ನ್ಯಾಯವಾದ ಪ್ರಶ್ನೆ.

ನಾನು ಮಾತ್ರ ಆ ವರ್ಷದ ಕೊನೆಗೆ, ಬೆಲೆ ಇಳಿದ ಮೇಲೆ, 9700ಎಕ್ಸ್ ತಗೊಂಡೆ. ಗೆಳೆಯನೊಬ್ಬ "ಸುಮ್ನ ರೊಕ್ಕ ಹಾಳ ಮಾಡಬ್ಯಾಡೋ" ಅಂತ ಹೇಳಿದ್ದ. ಅವನು ಗೇಮ್ ಆಡುವವನು, ಅವನ ಮಟ್ಟಿಗೆ ಅದು ಸರಿ. ನನ್ನ ಕೆಲಸ ಬೇರೆ. ಮನೆಯಿಂದಲೇ ಸಿ++ ಕೋಡ್ ಬರೆಯುತ್ತೇನೆ, ದಿನವಿಡೀ ಕಂಪೈಲ್, ಅಂದರೆ ಆ ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಬದಲಿಸುವ ಕೆಲಸ, ನಡೆಯುತ್ತಿರುತ್ತದೆ. ರಾತ್ರಿ ಹೊತ್ತು ನಮ್ಮ ಕಡೆಯ ಬಯಲಾಟ, ಭಜನೆಗಳ ಹಳೆಯ ವಿಡಿಯೋಗಳನ್ನು ಎವಿ1 ಅನ್ನುವ, ಕಡಿಮೆ ಜಾಗ ಹಿಡಿಯುವ ವಿಡಿಯೋ ರೂಪಕ್ಕೆ ಬದಲಾಯಿಸಿ ಇಡುತ್ತೇನೆ. ಎರಡೂ ಲಿನಕ್ಸ್ ಮೇಲೆ. ಇನ್ನೊಂದು ಮುಖ್ಯ ವಿಷಯ ಅಂದರೆ, ನಾನಿರುವುದು ಕಲಬುರಗಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ ಮಧ್ಯಾಹ್ನ 36, 37 ಸಾಮಾನ್ಯ. ವಿಮರ್ಶಕರು ಪರೀಕ್ಷೆ ಮಾಡುವುದು ಇಪ್ಪತ್ತರ ಆಸುಪಾಸಿನ ತಂಪು ಕೋಣೆಯಲ್ಲಿ. ಅವರ ಗ್ರಾಫ್‌ನಲ್ಲಿ ವಾಟ್ ಅನ್ನುವುದು ಕೊನೆಯಲ್ಲಿ ಬರುವ ಒಂದು ಸಾಲು. ನನಗೆ ಅದೇ ಮೊದಲ ಸಾಲು.

ಲಿನಕ್ಸ್ ಕಡೆಯ ಸುದ್ದಿಯೂ ಬೇರೆಯೇ ಇತ್ತು. ಲಿನಕ್ಸ್ ಸುದ್ದಿಯ ತಾಣ ಫೊರೋನಿಕ್ಸ್, ಚಿಪ್ ಬಿಡುಗಡೆಯಾದ ವಾರವೇ ಹಾಕಿದ ಪರೀಕ್ಷೆಗಳಲ್ಲಿ ಈ ಚಿಪ್‌ಗಳಿಗೆ ಒಳ್ಳೆಯ ಹೆಸರು ಬಂತು. ಒಂದೇ ಚಿಪ್‌ಗೆ ಒಬ್ಬರು ನಿರಾಸೆ, ಇನ್ನೊಬ್ಬರು ಖುಷಿ ಅಂತ ಹೇಳಿದಾಗ, ಯಾರು ಸರಿ ಅಂತ ಕೇಳುವುದಕ್ಕಿಂತ ಯಾರು ಏನನ್ನು ಓಡಿಸಿದರು ಅಂತ ನೋಡಬೇಕು.

ಕಾರಣ ಚಿಪ್‌ನ ಒಳಗೇ ಇದೆ. ಝೆನ್ 5ರಲ್ಲಿ ಕೋರ್ ನಿಜಕ್ಕೂ ದೊಡ್ಡದಾಗಿದೆ. ಪೂರ್ಣಾಂಕ ಲೆಕ್ಕದ ಘಟಕಗಳು 4ರಿಂದ 6 ಆಗಿವೆ. ಕೋರ್‌ಗೆ ಅಂಟಿಕೊಂಡಿರುವ ಪುಟ್ಟ ವೇಗದ ಮೆಮೊರಿ, ಎಲ್1 ಡೇಟಾ ಕ್ಯಾಶ್, 32ರಿಂದ 48 ಕೆಬಿಗೆ ಏರಿದೆ. ಹಲವು ಸಂಖ್ಯೆಗಳನ್ನು ಒಟ್ಟಿಗೇ ಲೆಕ್ಕ ಹಾಕುವ ಎವಿಎಕ್ಸ್-512 ಆದೇಶಗಳಿಗೆ ಪೂರ್ತಿ 512 ಬಿಟ್ ಅಗಲದ ದಾರಿ ಸಿಕ್ಕಿದೆ. 7000 ಸರಣಿಯ ಝೆನ್ 4ರಲ್ಲಿ ಅದನ್ನು 256ರ ಎರಡು ತುಂಡು ಮಾಡಿ ನಡೆಸುತ್ತಿದ್ದರು. ಆದರೆ ರ‍್ಯಾಮ್ ಜೊತೆ ಮಾತಾಡುವ ಐಒ ಡೈ ಮಾತ್ರ 7000 ಸರಣಿಯದೇ, 6 ನ್ಯಾನೋಮೀಟರ್‌ನದು. ಮದುವೆ ಮನೆಯಲ್ಲಿ ಅಡುಗೆಯವರನ್ನು ಹೆಚ್ಚು ಮಾಡಿ, ಉಗ್ರಾಣದಿಂದ ಸಾಮಾನು ತರುವವನು ಮಾತ್ರ ಹಳೆಯ ಒಬ್ಬನೇ ಇದ್ದ ಹಾಗೆ. ಗೇಮ್‌ಗಳು ಮತ್ತೆ ಮತ್ತೆ ರ‍್ಯಾಮ್‌ಗಾಗಿ ಕಾಯುತ್ತವೆ, ಅದಕ್ಕೇ ಅಲ್ಲಿ ಲಾಭ ಕಾಣಲಿಲ್ಲ. ನವೆಂಬರ್ 7ಕ್ಕೆ ಬಂದ 9800ಎಕ್ಸ್3ಡಿ ಇದನ್ನು ತೋರಿಸಿಕೊಟ್ಟಿತು. ಅದರಲ್ಲೂ ಇದೇ 8 ಝೆನ್ 5 ಕೋರ್. ಆದರೆ ಕೋರ್‌ಗಳೆಲ್ಲ ಹಂಚಿಕೊಳ್ಳುವ ಎಲ್3 ಕ್ಯಾಶ್ 32ರ ಬದಲು 96 ಎಂಬಿ, ಹಾಗಾಗಿ ರ‍್ಯಾಮ್‌ಗೆ ಹೋಗಬೇಕಾದ್ದು ಕಡಿಮೆ. ಹೆಚ್ಚುವರಿ ಕ್ಯಾಶನ್ನು ಈ ಸಲ ಕೋರ್‌ಗಳ ಕೆಳಗೆ ಇಟ್ಟಿದ್ದರಿಂದ ಬಿಸಿ ನೇರವಾಗಿ ಮೇಲಕ್ಕೆ, ಕೂಲರ್‌ಗೆ ಹೋಗುತ್ತದೆ, 5.2 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ. ಆಗಸ್ಟ್‌ನಲ್ಲಿ ಬೈದವರೇ ಇದನ್ನು ಗೇಮಿಂಗ್‌ಗೆ ಅತಿ ವೇಗದ ಪ್ರೊಸೆಸರ್ ಅಂತ ಹೊಗಳಿದರು.

ಇನ್ನು ನಾನು ಮಾಡಿದ್ದು. ನನ್ನ ಹತ್ತಿರ ಬಿ650 ಬೋರ್ಡ್, ಡಿಡಿಆರ್5-6000 ರ‍್ಯಾಮ್, ರೈಜನ್ 5 7600 ಇದ್ದವು. ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ ಅದೇ ಆದ್ದರಿಂದ ಬದಲಾಗಬೇಕಿದ್ದು ಪ್ರೊಸೆಸರ್ ಮಾತ್ರ. ಹಳೆಯ ಚಿಪ್ ತೆಗೆಯುವ ಮೊದಲೇ ಬಯೋಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದೆ. ಇದನ್ನು ಯಾರೂ ಬಿಡಬಾರದು. ಹಳೆಯ ಬಯೋಸ್‌ಗೆ ಹೊಸ ಚಿಪ್‌ನ ಗುರುತೇ ಸಿಗುವುದಿಲ್ಲ, ಆಮೇಲೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೆಲಸ ಮಾಡದಿದ್ದರೂ ಬಯೋಸ್ ಬದಲಿಸುವ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಮಾತ್ರ ದಾರಿ. ಎಎಂ5ನಲ್ಲಿ ಪಿನ್‌ಗಳು ಬೋರ್ಡ್ ಕಡೆ ಇರುತ್ತವೆ. ಅವುಗಳಿಗೆ ಬೆರಳೂ ತಾಗಬಾರದು, ಪೇಸ್ಟೂ ಬೀಳಬಾರದು. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇತ್ತು. ಗಾಬರಿ ಬೇಡ, ರ‍್ಯಾಮ್ ಟ್ರೈನಿಂಗ್, ಅಂದರೆ ರ‍್ಯಾಮ್ ಜೊತೆ ಬೋರ್ಡ್ ಹೊಂದಿಕೊಳ್ಳುವ ಕೆಲಸ, ನಡೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಲು ಹೋಗಬೇಡಿ.

ನನಗೆ ಒಂದು ಸಂದೇಹ ಇತ್ತು. 7600ನಲ್ಲಿ 6 ಕೋರ್, 9700ಎಕ್ಸ್‌ನಲ್ಲಿ 8. ಕೆಲಸ ಬೇಗ ಮುಗಿದರೆ ಅದು ಹೊಸ ವಿನ್ಯಾಸದಿಂದಲೋ, ಎರಡು ಕೋರ್ ಹೆಚ್ಚಿರುವುದರಿಂದಲೋ? ಬಯೋಸ್‌ನಲ್ಲಿ ಡೌನ್‌ಕೋರ್ ಅನ್ನುವ ಆಯ್ಕೆ ಇದೆ. ಅದರಲ್ಲಿ ಎರಡು ಕೋರ್ ಮುಚ್ಚಿ, 6ಕ್ಕೆ 6 ಇಟ್ಟು ಹೋಲಿಸಿದೆ. ಎರಡೂ ಹೆಸರಿಗೆ 65 ವಾಟ್‌ನ ಚಿಪ್‌ಗಳೇ, ನಿಜಕ್ಕೆ ಸಾಕೆಟ್ ಮೂಲಕ ಎಳೆಯುವ ಮಿತಿ ಎರಡಕ್ಕೂ 88 ವಾಟ್. ಅದೇ ಕೂಲರ್, ಅದೇ ಕೋಡ್. ಕಂಪೈಲ್‌ನಲ್ಲಿ ಬಂದ ಲಾಭ ಸಣ್ಣದು. ವಿಡಿಯೋದಲ್ಲಿ ಅದಕ್ಕಿಂತ ಚೆನ್ನಾಗಿತ್ತು. ಎಸ್‌ವಿಟಿ-ಎವಿ1 ಎನ್‌ಕೋಡರ್‌ನಲ್ಲಿ ಎವಿಎಕ್ಸ್-512ಗೆ ಬರೆದ ಭಾಗಗಳಿವೆ, ಹೊಸ ಕೋರ್‌ನ ಅಗಲ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆಮೇಲೆ ಮುಚ್ಚಿದ್ದ ಎರಡು ಕೋರ್ ತೆರೆದಾಗ ಕಂಪೈಲ್ ಕೂಡ ಕಣ್ಣಿಗೆ ಕಾಣುವಷ್ಟು ಬೇಗ ಮುಗಿಯತೊಡಗಿತು. ಅಂದರೆ ಕಂಪೈಲ್‌ನಲ್ಲಿ ನನಗೆ ಸಿಕ್ಕ ಲಾಭದ ದೊಡ್ಡ ಪಾಲು ಕೋರ್‌ಗಳ ಸಂಖ್ಯೆಯದು. 7700 ಇಟ್ಟುಕೊಂಡವರಿಗೆ ಆ ಪಾಲು ಸಿಗುವುದಿಲ್ಲ.

ವಿಂಡೋಸ್ ಬಳಸುವವರ ಕಥೆ ಚುಟುಕಾಗಿ ಹೇಳುತ್ತೇನೆ. ಆಗಸ್ಟ್ ಕೊನೆಗೆ ಮೈಕ್ರೋಸಾಫ್ಟ್ ಕೊಟ್ಟ ಅಪ್‌ಡೇಟ್‌ನಿಂದ ಬ್ರಾಂಚ್ ಪ್ರಿಡಿಕ್ಷನ್ (ಮುಂದಿನ ಹೆಜ್ಜೆಯನ್ನು ಚಿಪ್ ಮೊದಲೇ ಊಹಿಸುವುದು) ಸುಧಾರಿಸಿ ವೇಗ ಹೆಚ್ಚಿತು. ಆದರೆ ಹಳೆಯ ಝೆನ್ 4 ಕೂಡ ಅದರಿಂದ ಮುಂದೆ ಹೋಯಿತು, ನಡುವಿನ ಅಂತರ ಹೆಚ್ಚೇನೂ ಬದಲಾಗಲಿಲ್ಲ.

ಜನರ ಬೇಸರ ಎಎಂಡಿಗೂ ಮುಟ್ಟಿತು. ಸೆಪ್ಟೆಂಬರ್‌ನಲ್ಲಿ ಬಯೋಸ್‌ಗೆ ಎಎಂಡಿ ಕೊಡುವ ಮೂಲ ಕೋಡ್ ಅಜೀಸಾದ 1.2.0.2 ಆವೃತ್ತಿ ಬಂದಾಗ 9600ಎಕ್ಸ್ ಮತ್ತು 9700ಎಕ್ಸ್‌ಗೆ 105 ವಾಟ್ ಮೋಡ್ ಕೊಟ್ಟರು, ವಾರಂಟಿ ಹೋಗದಂತೆ. ಬಯೋಸ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಸಾಕು. ನಾನೂ ಹಾಕಿ ನೋಡಿದೆ. ಚಳಿಗಾಲದಲ್ಲಿ ಪರವಾಗಿಲ್ಲ ಅನ್ನಿಸಿತು, ಉದ್ದದ ಕಂಪೈಲ್‌ನಲ್ಲಿ ಒಂದಿಷ್ಟು ಸಮಯ ಉಳಿಯಿತು. ಮಾರ್ಚ್ ದಾಟಿದ ಮೇಲೆ ಲೆಕ್ಕ ತಿರುಗಿತು. ನನ್ನದು ಒಂದೇ ಫ್ಯಾನಿನ ಸಾಧಾರಣ ಟವರ್ ಕೂಲರ್. 105ರಲ್ಲಿ ಮಿತಿ 142 ವಾಟ್‌ಗೆ ಏರುತ್ತದೆ. ಮಧ್ಯಾಹ್ನದ ಹೊತ್ತು ಚಿಪ್ ತನ್ನ 95 ಡಿಗ್ರಿ ಗಡಿಯ ಹತ್ತಿರಕ್ಕೇ ಹೋಗಿ ನಿಲ್ಲುತ್ತಿತ್ತು. ಫ್ಯಾನ್ ಸದ್ದಿಗೆ ಫೋನ್‌ನಲ್ಲಿ ಮಾತಾಡುವುದೇ ಕಷ್ಟ. ಅಷ್ಟೆಲ್ಲ ಆಗಿ ಉಳಿಯುವ ಸಮಯ ತೀರಾ ಕಡಿಮೆ. ಕರೆಂಟ್ ಹೋದರೆ ಯುಪಿಎಸ್ ಕೂಡ ಬೇಗ ಕೈಕೊಡುತ್ತದೆ. ವಾಪಸ್ 65ಕ್ಕೆ ತಂದೆ.

ಅದರ ಮೇಲೆ ವೋಲ್ಟೇಜ್ ಇಳಿಸುವ ಬಯೋಸ್ ಆಯ್ಕೆ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 15 ಇಟ್ಟೆ. ಅದೇ ವಾಟ್‌ನಲ್ಲಿ ಚಿಪ್‌ಗೆ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಕ್ಲಾಕ್ ಸ್ವಲ್ಪ ಮೇಲೇರುತ್ತದೆ. ಇದಕ್ಕೆ ವಾರಂಟಿಯ ರಕ್ಷಣೆ ಇಲ್ಲ, ಗೊತ್ತಿದ್ದೇ ಮಾಡಬೇಕು. ಮೈನಸ್ 30 ಇಟ್ಟು ಒಂದು ಬೆಂಚ್‌ಮಾರ್ಕ್ ಓಡಿಸಿ ಸರಿಯಿದೆ ಅನ್ನುವವರು ಬಹಳ. ಆದರೆ ಇಂಥ ಸೆಟ್ಟಿಂಗ್ ಕೈಕೊಡುವುದು ಪೂರ್ತಿ ಲೋಡ್‌ನಲ್ಲಿ ಕಡಿಮೆ, ಒಂದೇ ಕೋರ್ ತುದಿ ವೇಗಕ್ಕೆ ಏರುವಾಗ ಅಥವಾ ಸುಮ್ನೆ ಕೂತಿರುವಾಗ ಜಾಸ್ತಿ. ಅದಕ್ಕೇ ನಾನು ಒಂದೊಂದೇ ಕೋರ್‌ಗೆ ಕೆಲಸ ಕೊಟ್ಟು ರಾತ್ರಿಯಿಡೀ ಓಡಿಸಿ, ಆಮೇಲೆ ಮಷಿನ್ ಅನ್ನು ಖಾಲಿ ಬಿಟ್ಟು ಎರಡೂ ನೋಡಿದೆ.

ಅದೇ ವರ್ಷ ಅಕ್ಟೋಬರ್ 24ಕ್ಕೆ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 200ಎಸ್‌ಗೂ ಇಂಥದೇ ಸ್ವಾಗತ ಸಿಕ್ಕಿತು. ಹಿಂದಿನ ತಲೆಮಾರಿಗಿಂತ ಕರೆಂಟ್ ಕಡಿಮೆ, ರೆಂಡರಿಂಗ್ ಥರದ ಕೆಲಸದಲ್ಲಿ ಚೆನ್ನಾಗಿದೆ, ಆದರೆ ಎಷ್ಟೋ ಗೇಮ್‌ಗಳಲ್ಲಿ ಇಂಟೆಲ್‌ನದೇ ಹಳೆಯ 14900ಕೆಗಿಂತ ಹಿಂದೆ. ಮೇಲೆ ಹೊಸ ಸಾಕೆಟ್ ಆದ್ದರಿಂದ ಬೋರ್ಡ್ ಕೂಡ ಬದಲಿಸಬೇಕು. ನನ್ನಂಥವರು ಅದರಿಂದ ದೂರ ಉಳಿದದ್ದು ಮುಖ್ಯವಾಗಿ ಆ ಬೋರ್ಡ್‌ನ ಖರ್ಚಿಗೇ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. 7700 ಇದ್ದರೆ ಬದಲಿಸಬೇಡಿ. ಗೇಮ್‌ಗೋಸ್ಕರ ಅಂದರೆ ದುಡ್ಡು ಕೂಡಿಟ್ಟು ಎಕ್ಸ್3ಡಿ ತಗೊಳ್ಳಿ. ನಮ್ಮ ಕಡೆ ಬಿಸಿಲಲ್ಲಿ, ಎಸಿ ಇಲ್ಲದೆ, ದಿನವಿಡೀ ಕಂಪೈಲ್ ಅಥವಾ ಎನ್‌ಕೋಡಿಂಗ್ ಮಾಡುವವರಾದರೆ, ಎಎಂ5 ಬೋರ್ಡ್ ಮೇಲೆ 6 ಕೋರ್ ಇದ್ದರೆ, 9700ಎಕ್ಸ್ ತಗೊಂಡು 65 ವಾಟ್‌ನಲ್ಲೇ ಬಿಡಿ. ಕ್ಯಾಬಿನೆಟ್‌ನ ಮುಂದಿನ ಧೂಳಿನ ಜಾಲರಿಯನ್ನು ಆಗಾಗ ತೊಳೆಯಿರಿ. ಬೇಸಿಗೆಯಲ್ಲಿ ಅದೊಂದರಿಂದಲೇ ಕೆಲವು ಡಿಗ್ರಿ ಇಳಿಯುತ್ತದೆ.