ಪ್ರಾಜೆಕ್ಟ್ ಡೈರಿ: ವಾರದ ಪ್ರಗತಿಯನ್ನು ಅಂಕಿಯಲ್ಲಿ ಬರೆಯುವುದು ಹೇಗೆ

"ಶೇ 80 ಮುಗಿದಿದೆ ಸರ್." ಫೈನಲ್ ಇಯರ್ ಪ್ರಾಜೆಕ್ಟ್ ರಿವ್ಯೂಗಳಲ್ಲಿ ಪದೇ ಪದೇ ಕೇಳುವ ಮಾತಿದು. ಯಾವುದರಲ್ಲಿ ಶೇ 80 ಎಂದು ಗೈಡ್ (ಪ್ರಾಜೆಕ್ಟ್‌ನ ಮಾರ್ಗದರ್ಶಕ ಅಧ್ಯಾಪಕರು) ತಿರುಗಿ ಕೇಳಿದರೆ ಉತ್ತರವಿರುವುದಿಲ್ಲ. ವಾರದ ಪ್ರಗತಿಗೆ ಮೂರು ಬೇಕು: ಈ ವಾರ ಅಳೆದ ಒಂದು ಅಂಕಿ, ಅದು ಮುಟ್ಟಬೇಕಾದ ಗುರಿ, ಇನ್ನೂ ಮುಟ್ಟದಿದ್ದರೆ ಅದಕ್ಕೆ ಕಾರಣ. ಉಳಿದದ್ದೆಲ್ಲ ಹಾಜರಿ ಪುಸ್ತಕ.

ಉದಾಹರಣೆಗೆ ವಿಜಯಪುರ ಜಿಲ್ಲೆಯದ್ದೇ ಒಂದು ಪ್ರಾಜೆಕ್ಟ್ ತೆಗೆದುಕೊಳ್ಳೋಣ: ಇಂಡಿ ನಿಂಬೆಯನ್ನು ಗಾತ್ರದ ಪ್ರಕಾರ ಮೂರು ಬುಟ್ಟಿಗೆ ಬೇರ್ಪಡಿಸುವ ಸಣ್ಣ ಯಂತ್ರ. 600 ಮಿ.ಮೀ ಉದ್ದದ ಎರಡು ರೋಲರ್. ಹಣ್ಣು ಬೀಳುವ ತುದಿಯಲ್ಲಿ ನಡುವಿನ ಸಂದು 30 ಮಿ.ಮೀ, ಇನ್ನೊಂದು ತುದಿಯಲ್ಲಿ 50. ತುಸು ಇಳಿಜಾರಿನಲ್ಲಿ ಹಣ್ಣು ಉರುಳುತ್ತ ಹೋಗಿ, ತನ್ನ ಗಾತ್ರದ ಸಂದು ಬಂದಲ್ಲಿ ಕೆಳಗೆ ಬೀಳಬೇಕು.

ಮೊದಲ ವಾರ ಯಾವ ಭಾಗವನ್ನೂ ಕೊಳ್ಳಬೇಡಿ. ಗುರಿಯನ್ನು ಒಂದೇ ಸಾಲಿನಲ್ಲಿ ಬರೆದು ಗೈಡ್ ಸಹಿ ಹಾಕಿಸಿ: "100 ನಿಂಬೆಯಲ್ಲಿ ಕನಿಷ್ಠ 90 ಸರಿಯಾದ ಬುಟ್ಟಿಗೆ ಬೀಳಬೇಕು, ಸಿಪ್ಪೆ ಗೀಚಬಾರದು." ಈ ಸಾಲು ಇಲ್ಲದ ಬ್ಯಾಚ್‌ಗಳು ಮಾರ್ಚ್ ಹೊತ್ತಿಗೆ "ಆ್ಯಪ್ ಕೂಡ ಮಾಡೋಣ" ಎಂಬಲ್ಲಿಗೆ ಬಂದಿರುತ್ತವೆ.

ಇನ್ನು ವಾರದ ಪುಟ. "ರೋಲರ್ ಕೆಲಸ ನಡೆದಿದೆ" ಎಂದು ಬರೆದರೆ ಆ ಪುಟ ಖಾಲಿ ಇದ್ದಂತೆ. ಬರೆಯಬೇಕಾದ್ದು ಹೀಗೆ: "ಪಿವಿಸಿ ರೋಲರ್ ತಿರುಗಿಸಿ ಅದರ ಮಧ್ಯಭಾಗಕ್ಕೆ ಡಯಲ್ ಗೇಜ್ (ಸಣ್ಣ ಏರಿಳಿತ ಅಳೆಯುವ ಮುಳ್ಳಿನ ಮಾಪಕ) ಇಟ್ಟಾಗ ಓಲಾಟ 1.2 ಮಿ.ಮೀ. ಗುರಿ 0.3. ಕಾರಣ: ಪೈಪ್ ಬಾಗಿದೆ. ಮುಂದಿನ ಶುಕ್ರವಾರದೊಳಗೆ: ಎಂಎಸ್ (ಮೈಲ್ಡ್ ಸ್ಟೀಲ್) ಪೈಪ್ ತಂದು ಲೇತ್‌ನಲ್ಲಿ ತಿರುವಿ ಮತ್ತೆ ಅಳೆಯುವುದು. ಜವಾಬ್ದಾರಿ: ಒಬ್ಬರ ಹೆಸರು." ಇಬ್ಬರ ಹೆಸರು ಬರೆದರೆ ಆ ಕೆಲಸಕ್ಕೆ ಯಾರೂ ಇಲ್ಲವೆಂದೇ ತಿಳಿಯಿರಿ.

0.3 ಎಲ್ಲಿಂದ ಬಂತು ಎಂಬುದನ್ನೂ ಪುಟದಲ್ಲಿ ತೋರಿಸಿ. 600 ಮಿ.ಮೀ ಉದ್ದಕ್ಕೆ ಸಂದು 20 ಮಿ.ಮೀ ಹಿಗ್ಗುತ್ತದೆ. ಅಂದರೆ ಸಂದಿನಲ್ಲಿ 1 ಮಿ.ಮೀ ತಪ್ಪಾದರೆ ಹಣ್ಣು ಬೀಳುವ ಜಾಗ 30 ಮಿ.ಮೀ ಸರಿಯುತ್ತದೆ. 200 ಮಿ.ಮೀ ಅಗಲದ ಬುಟ್ಟಿಗೆ ಇದು ಸಣ್ಣ ತಪ್ಪಲ್ಲ. ತಪ್ಪು 0.3ಕ್ಕೆ ಇಳಿದರೆ ಜಾಗ ಸರಿಯುವುದು 9 ಮಿ.ಮೀ ಮಾತ್ರ. ನಮ್ಮ ಕಡೆಯ ಬಿಸಿಲಿನಲ್ಲಿ ಒರಗಿಸಿಟ್ಟ ಪಿವಿಸಿ ಪೈಪ್ ನೇರವಾಗಿ ಉಳಿಯುತ್ತದೆ ಎಂದು ನಂಬಬೇಡಿ.

ಇಂಥ ಯಂತ್ರದಲ್ಲಿ ಹೆಚ್ಚಾಗಿ ಕಾಣುವ ತೊಂದರೆಗಳು ಇವು. ಎರಡು ರೋಲರ್‌ಗಳ ನಡುವೆ ಸುಮಾರು 2 ಡಿಗ್ರಿ ಕೋನವಿರುವುದರಿಂದ, ಪ್ಲೇಟ್‌ನಲ್ಲಿ ನೇರ ರಂಧ್ರ ಕೊರೆದು 6201 ಬೇರಿಂಗ್ ಕೂರಿಸಿದರೆ ಶಾಫ್ಟ್ ಬಿಗಿಯುತ್ತದೆ. ಆ ಬೇರಿಂಗ್ ಅಷ್ಟು ಓರೆ ತಾಳುವುದಿಲ್ಲ. ಓರೆಗೆ ತಾನೇ ಹೊಂದಿಕೊಳ್ಳುವ ಯುಸಿಪಿ201 ಬೇರಿಂಗ್ ಬ್ಲಾಕ್ ಹಾಕಿ, ಒಳವ್ಯಾಸ ಅದೇ 12 ಮಿ.ಮೀ. ರೋಲರ್‌ಗಳು ಒಂದಕ್ಕೊಂದು ವಿರುದ್ಧ ತಿರುಗಬೇಕು, ಮೇಲ್ಭಾಗ ಹೊರಕ್ಕೆ ಸಾಗುವಂತೆ. ದಿಕ್ಕು ಉಲ್ಟಾ ಆದರೆ ಹಣ್ಣನ್ನು ಸಂದಿಗೆ ಎಳೆದು ಹಿಚುಕುತ್ತವೆ. ಮೋಟರ್‌ನ ವೈರ್ ಅದಲು ಬದಲಾದರೆ ಸಾಕು, ಇದು ಆಗಿಬಿಡುತ್ತದೆ. ಎಂಟರ ಆಕಾರದಲ್ಲಿ ತಿರುವಿದ ಗುಂಡು ಬೆಲ್ಟ್ ಗೇರ್‌ಗಿಂತ ಅಗ್ಗ, ಕೋನಕ್ಕೂ ಒಗ್ಗುತ್ತದೆ.

ಮೋಟರ್ ಬಗ್ಗೆ "12 ವೋಲ್ಟ್ ಕೊಟ್ಟಿದ್ದೇವೆ" ಎಂದು ಬರೆಯಬೇಡಿ. ಮೋಟರ್ ಓಡಿಸುವ ಎಲ್298ಎನ್ ಡ್ರೈವರ್ ಬೋರ್ಡ್ ತನ್ನಲ್ಲೇ ಸುಮಾರು 2 ವೋಲ್ಟ್ ತಿನ್ನುತ್ತದೆ. ಹಣ್ಣು ಹಾಕಿ ಓಡಿಸುತ್ತಿರುವಾಗ ಮೋಟರ್ ತುದಿಗಳಲ್ಲಿ ಅಳೆದ ವೋಲ್ಟೇಜ್, ಕರೆಂಟ್ ಎರಡನ್ನೂ ಬರೆಯಿರಿ. ಎಣಿಕೆಗೆ ಐಆರ್ ಸೆನ್ಸರ್ ಇಟ್ಟಿದ್ದರೆ ಲ್ಯಾಬ್‌ನ ಟೇಬಲ್ ಮೇಲಷ್ಟೇ ಅಲ್ಲ, ಅಂಗಳದಲ್ಲೂ ಪರೀಕ್ಷಿಸಿ. ಬಿಸಿಲಿನಲ್ಲೇ ಇನ್‌ಫ್ರಾರೆಡ್ ಇರುವುದರಿಂದ ಎಪಿಎಂಸಿ ಕಟ್ಟೆಯ ಮೇಲೆ ಹಣ್ಣಿಲ್ಲದಿದ್ದರೂ ಅದು ಎಣಿಸುತ್ತ ಕೂರುತ್ತದೆ. ಕಪ್ಪು ಕೊಳವೆಯ ಮರೆ ಕೊಡಿ; ಸಾಲದಿದ್ದರೆ 38 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವ ಇನ್‌ಫ್ರಾರೆಡ್‌ಗಷ್ಟೇ ಸ್ಪಂದಿಸುವ ರಿಸೀವರ್ ಬಳಸಿ.

ಪರೀಕ್ಷೆಯ ದಿನ ಪ್ರತಿ ನಿಂಬೆಗೂ ಮಾರ್ಕರ್‌ನಲ್ಲಿ ನಂಬರ್ ಹಾಕಿ. ನಿಂಬೆ ಪೂರ್ತಿ ಗುಂಡಲ್ಲ, ಹಾಗಾಗಿ ನಡುವಿನ ವ್ಯಾಸವನ್ನು ವರ್ನಿಯರ್‌ನಲ್ಲಿ ಎರಡು ಕಡೆ ಅಳೆದು ಬರೆಯಿರಿ. ಅಳೆದ ದಿನವೇ ಯಂತ್ರಕ್ಕೆ ಹಾಕಿ. ಬೇಸಿಗೆಯಲ್ಲಿ ಇಟ್ಟ ಹಣ್ಣು ನೀರು ಕಳೆದುಕೊಂಡು ಕುಗ್ಗುತ್ತದೆ. ಸೋಮವಾರದ ಅಳತೆಗೆ ಶುಕ್ರವಾರದ ಫಲಿತಾಂಶ ಹೋಲಿಸಿದರೆ ಇಲ್ಲದ ತಪ್ಪನ್ನು ಯಂತ್ರದ ಮೇಲೆ ಹೊರಿಸಿದಂತಾಗುತ್ತದೆ. ಎಷ್ಟು ಸರಿ ಎಂಬ ಒಂದೇ ಅಂಕಿ ಸಾಲದು. ಯಾವ ಗಾತ್ರದ್ದು ಯಾವ ಬುಟ್ಟಿಗೆ ಹೋಯಿತು ಎಂದು ಮೂರಕ್ಕೆ ಮೂರರ ಪಟ್ಟಿ ಮಾಡಿ. ತಪ್ಪೆಲ್ಲ ದೊಡ್ಡ ಬುಟ್ಟಿಯ ಕಡೆಗೇ ವಾಲಿದ್ದರೆ ಹಣ್ಣು ಜಿಗಿಯುತ್ತಿದೆ, ಇಳಿಜಾರು ಇಲ್ಲವೇ ವೇಗ ತಗ್ಗಿಸಬೇಕು. ಎರಡೂ ಕಡೆ ಸಮನಾಗಿದ್ದರೆ ಮೊದಲು ರೋಲರ್‌ನ ಓಲಾಟ ನೋಡಿ.

ಡೈರಿಯ ಹಿಂಬದಿಯಲ್ಲಿ ಭಾಗಗಳ ಪಟ್ಟಿ ಇರಲಿ: ಆರ್ಡರ್ ಮಾಡಿದ ದಿನ, ಬಂದ ದಿನ, ಬೆಲೆ, ಬಿಲ್. ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಮಾಡಿಸುವುದಾದರೆ ಡ್ರಾಯಿಂಗ್‌ನಲ್ಲಿ ಬರೀ "12" ಬರೆದು ಕೊಡಬೇಡಿ, 12.1 ಆಗಿ ಬಂದ ಶಾಫ್ಟ್ ಬೇರಿಂಗ್ ಒಳಗೆ ಹೋಗುವುದಿಲ್ಲ. "12, +0, −0.018" ಎಂದು ಬರೆಯಿರಿ, ಅಂದರೆ 12 ಮಿ.ಮೀ ಮೀರಬಾರದು, ಕಡಿಮೆಯಾದರೂ 0.018 ಮಿ.ಮೀ ಒಳಗಿರಬೇಕು. ಕೈಯಲ್ಲಿ ಬೇರಿಂಗ್ ಬ್ಲಾಕ್ ಒಂದನ್ನು ಒಯ್ದು ಅಲ್ಲೇ ತೂರಿಸಿ ನೋಡಿದರೆ ಇನ್ನೂ ಒಳ್ಳೆಯದು. ದೊಡ್ಡ ಆರ್ಡರ್‌ಗಳ ನಡುವೆ ನಿಮ್ಮ ಎರಡು ಶಾಫ್ಟ್ ಹಿಂದೆ ಬೀಳುವುದು ಸಹಜ, ಒಂದು ವಾರ ಹೆಚ್ಚಿಗೆ ಹಿಡಿಯಿರಿ.

ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಇರುವ ವಾರಗಳನ್ನು ಮೊದಲೇ ಸೊನ್ನೆ ಎಂದು ಲೆಕ್ಕ ಹಾಕಿ. ಆ ಪುಟದಲ್ಲಿ "ಕೆಲಸವಿಲ್ಲ" ಎಂದೇ ಬರೆಯಿರಿ. ಆಮೇಲೆ ಕೂತು ನಾಲ್ಕು ವಾರದ್ದನ್ನು ಒಂದೇ ಪೆನ್ನಿನಲ್ಲಿ ತುಂಬಿದ್ದು ಯಾವ ಗೈಡಿಗೂ ಗೊತ್ತಾಗುತ್ತದೆ.

ಕೊನೆಯ ಎರಡು ವಾರ ಹೊಸ ಭಾಗ ಸೇರಿಸಬೇಡಿ. ಬೆಲ್ಟ್ ಎರಡು, ಡ್ರೈವರ್ ಬೋರ್ಡ್ ಒಂದು, ಫ್ಯೂಸ್ ನಾಲ್ಕು ಹೆಚ್ಚಿಗೆ ಇಟ್ಟುಕೊಳ್ಳಿ. ಡೆಮೊ ಹೊತ್ತಿಗೆ ಕರೆಂಟ್ ಹೋಗಬಹುದು, 12 ವೋಲ್ಟ್ ಬ್ಯಾಟರಿಯೊಂದನ್ನು ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಡಿ.