ತೋಟದ ಹಳ್ಳದಲ್ಲಿ ತೇಲುವ ಚಕ್ರ: ಕರೆಂಟು ಮಾಡಿಕೊಂಡ ನನ್ನ ಅನುಭವ

ಮಲೆನಾಡಿನ ಮಳೆಗಾಲದ ಕರೆಂಟಿನ ಕಥೆ ಗೊತ್ತಲ್ವಾ? ಲೈನಿನ ಮೇಲೆ ಮರ ಬಿತ್ತು ಅಂದರೆ ದಿನಗಟ್ಟಲೆ ಕತ್ತಲು. ಸೋಲಾರ್ ಇದ್ದರೂ ಆಷಾಢದ ಮೋಡದಲ್ಲಿ ಬ್ಯಾಟರಿ ತುಂಬೋದಿಲ್ಲ. ಅದೇ ಹೊತ್ತಿಗೆ ತೋಟದ ಕೆಳಗೆ ಹಳ್ಳ ದಂಡಿಯಾಗಿ ಹರಿಯುತ್ತಿರುತ್ತದೆ. ಗುಡ್ಡದ ಬುಡದಲ್ಲಿ ಇರುವವರು ಮೇಲಿಂದ ಪೈಪಿನಲ್ಲಿ ನೀರು ಇಳಿಸಿ, ಆ ರಭಸಕ್ಕೆ ತಿರುಗುವ ಪೆಲ್ಟನ್ ಟರ್ಬೈನ್ ಎಂಬ ಚಕ್ರ ತಿರುಗಿಸುತ್ತಾರೆ. ನಮ್ಮದು ಸಮತಟ್ಟು ಜಾಗ, ಇರೋದು ಬರೀ ಹರಿವು. ಅದಕ್ಕೇ ಆ ಹರಿವೇ ತಿರುಗಿಸುವ ಅಲಗಿನ ಚಕ್ರವೊಂದನ್ನು ಹಳ್ಳದಲ್ಲಿ ತೇಲಿಸಿದೆ.

ಮೊದಲು ವೇಗ ಅಳೆದೆ. ದಡದಲ್ಲಿ 10 ಮೀಟರ್ ಗುರುತು ಮಾಡಿ, ಮೇಲಿನಿಂದ ತೆಂಗಿನಕಾಯಿ ಬಿಟ್ಟು ಮೊಬೈಲಿನಲ್ಲಿ ಟೈಮ್ ನೋಡಿದರೆ ಸಾಕು. ಎಲ್ಲ ಲೆಕ್ಕವೂ ಇದರ ಮೇಲೇ ನಿಂತಿದೆ, ಯಾಕಂದರೆ ನೀರಿನ ವೇಗ ಎರಡು ಪಟ್ಟಾದರೆ ಸಿಗುವ ಶಕ್ತಿ ಎಂಟು ಪಟ್ಟು. ನನ್ನ ಅಲಗು 1 ಮೀಟರ್ ಅಗಲ, 30 ಸೆಂಟಿಮೀಟರ್ ಆಳ. ಸೆಕೆಂಡಿಗೆ 1.5 ಮೀಟರ್ ಹರಿವಿನಲ್ಲಿ ಅಷ್ಟು ಜಾಗದಲ್ಲಿ ಸುಮಾರು 500 ವಾಟ್ ಹರಿದು ಹೋಗುತ್ತದೆ. ಚಕ್ರ ಹಿಡಿಯೋದು ಅದರಲ್ಲಿ ಐದನೇ ಒಂದು ಪಾಲು, ಚೈನು ಬೆಲ್ಟು ಎಲ್ಲ ತಿಂದು ಬ್ಯಾಟರಿಗೆ ಬರೋದು 60 ವಾಟ್. ನಗಬೇಡಿ! ರಾತ್ರಿ ಹಗಲು ನಿಲ್ಲದೆ ಬಂದರೆ ದಿನಕ್ಕೆ ಒಂದೂವರೆ ಯೂನಿಟ್ ಹತ್ತಿರ ಆಗುತ್ತದೆ. ಲೈಟು, ವೈಫೈ, ಮೊಬೈಲಿಗೆ ಧಾರಾಳ.

ತೇಲಿಸಿದ್ದು ಯಾಕೆ ಅಂದರೆ, ಒಂದು ರಾತ್ರಿಯ ಮಳೆಗೆ ಹಳ್ಳ ಏರಿ ಮರುದಿನ ಇಳಿದುಬಿಡುತ್ತದೆ. ದಡಕ್ಕೆ ಕೂರಿಸಿದ ಚಕ್ರ ಒಮ್ಮೆ ಮುಳುಗುತ್ತದೆ, ಇನ್ನೊಮ್ಮೆ ನೀರೇ ಸಿಗದೆ ನಿಲ್ಲುತ್ತದೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಎರಡು ಸಾಲು ಕಟ್ಟಿ ನಡುವೆ ಚಕ್ರ ಕೂರಿಸಿದರೆ ಅಲಗು ಮುಳುಗುವ ಆಳ ಬದಲಾಗೋದಿಲ್ಲ. ಎರಡೂ ದಡದ ಮರಗಳಿಗೆ ವೈರ್ ರೋಪ್ ಬಿಗಿದೆ. ಡ್ರಮ್ಮಿನ ಕಡೆ ಹಗ್ಗವನ್ನು ನೀರಿನ ಮಟ್ಟಕ್ಕೆ ಹತ್ತಿರ ಕಟ್ಟಬೇಕು, ಮೇಲೆ ಕಟ್ಟಿದರೆ ಸೆಳೆತಕ್ಕೆ ಡ್ರಮ್ಮಿನ ಸಾಲಿನ ಮೂತಿ ನೀರೊಳಗೆ ಹೋಗುತ್ತದೆ.

ತಲೆನೋವು ಇರೋದು ಗೇರಿನಲ್ಲಿ. ಅಲಗಿನ ವೇಗ ನೀರಿನ ವೇಗದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇದ್ದರೇ ಚೆನ್ನಾಗಿ ಎಳೆಯುತ್ತದೆ, ಅಂದರೆ ನಾಲ್ಕು ಅಡಿ ಚಕ್ರಕ್ಕೆ ನಿಮಿಷಕ್ಕೆ ಬರೀ ಒಂಬತ್ತು ಹತ್ತು ಸುತ್ತು. ಕಾರಿನಲ್ಲಿ ಕರೆಂಟು ಮಾಡುವ ಆಲ್ಟರ್ನೇಟರಿಗೆ ಸಾವಿರದ ಮೇಲೆ ಬೇಕು, ಅದನ್ನು ಮರೆತುಬಿಡಿ. ನಾನು ಹಾಕಿದ್ದು ಎಲೆಕ್ಟ್ರಿಕ್ ಸೈಕಲ್ಲಿನ 36 ವೋಲ್ಟ್ ಹಬ್ ಮೋಟರ್, ಅಂದರೆ ಗಾಲಿಯ ನಡುವೆ ಕೂರುವ ಮೋಟರ್, ಒಳಗೆ ಗೇರ್ ಇಲ್ಲದ್ದು; ಹೊರಗಿನಿಂದ ತಿರುಗಿಸಿದರೆ ಅದೇ ಕರೆಂಟು ಕೊಡುತ್ತದೆ. ಬೈಕಿನ ಚೈನ್ ಸ್ಪ್ರಾಕೆಟ್ಟಿನಲ್ಲಿ ಮೂರು ಪಟ್ಟು, ಆಮೇಲೆ ಹಳೇ ಸೈಕಲ್ ರಿಮ್ಮಿಗೆ ಬೆಲ್ಟ್ ಹಾಕಿ ಎಂಟು ಪಟ್ಟು. 240 ಸುತ್ತಿನ ಆಸುಪಾಸು ಬಂದರೆ 24 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುತ್ತದೆ.

ಬ್ಯಾಟರಿ ತುಂಬಿದಾಗ ಲೈನ್ ಕತ್ತರಿಸುವ ಸಾಮಾನ್ಯ ಸೋಲಾರ್ ಕಂಟ್ರೋಲರ್ ಇಲ್ಲಿ ಆಗಿಬರೋದಿಲ್ಲ. ಲೋಡ್ ಹೋದ ತಕ್ಷಣ ಚಕ್ರ ಲಂಗುಲಗಾಮಿಲ್ಲದೆ ತಿರುಗಿ ವೋಲ್ಟೇಜ್ ಏರುತ್ತದೆ. ಹೆಚ್ಚಾದ ಕರೆಂಟನ್ನು ಹೀಟರಿಗೆ ತಿರುಗಿಸುವ ಡೈವರ್ಷನ್ ಕಂಟ್ರೋಲರ್ ಬೇಕು.

ಇನ್ನು ಕಸ. ಕ್ರಿ.ಶ. 537ರಲ್ಲಿ ಗಾಥರು ಎಂಬ ಜರ್ಮನಿಕ್ ಜನ ರೋಮ್ ನಗರಕ್ಕೆ ಮುತ್ತಿಗೆ ಹಾಕಿ, ಹಿಟ್ಟಿನ ಗಿರಣಿ ತಿರುಗಿಸುತ್ತಿದ್ದ ನೀರಿನ ಕಾಲುವೆ ಕಡಿದಾಗ, ನಗರ ಕಾಯುತ್ತಿದ್ದ ಬೆಲಿಸಾರಿಯಸ್ ಎಂಬ ಸೇನಾಪತಿ ಟೈಬರ್ ನದಿಯಲ್ಲಿ ದೋಣಿಗಳ ನಡುವೆ ಚಕ್ರ ಕಟ್ಟಿಸಿ ಹಿಟ್ಟು ಬೀಸಿಸಿದ್ದ. ಗಾಥರು ಸುಮ್ನೆ ಕೂರಲಿಲ್ಲ, ಚಕ್ರ ಮುರಿಯಲಿ ಅಂತ ಮರದ ದಿಮ್ಮಿ ತೇಲಿಬಿಟ್ಟರು. ಅವನು ಮೇಲ್ಗಡೆ ಸರಪಳಿ ಅಡ್ಡ ಕಟ್ಟಿಸಿದ. ನಮ್ಮಲ್ಲಿ ದಿಮ್ಮಿ ಬಿಡೋಕೆ ಗಾಥರು ಬೇಕಾಗಿಲ್ಲ, ಮಳೆಯೇ ಸಾಕು! ನಾನೂ ಮೇಲ್ಗಡೆ ಓರೆಯಾಗಿ ಅಡಿಕೆ ಮರದ ಕಾಂಡಗಳನ್ನು ಹಗ್ಗಕ್ಕೆ ಪೋಣಿಸಿ ತೇಲಿಬಿಟ್ಟಿದ್ದೇನೆ. ಓರೆಯಾಗಿದ್ದರೆ ಕಸ ದಡಕ್ಕೆ ಜಾರುತ್ತದೆ, ನೇರ ಕಟ್ಟಿದರೆ ಅಲ್ಲೇ ಗುಡ್ಡೆ ಬಿದ್ದು ಹಗ್ಗವನ್ನೇ ಕಿತ್ತೊಯ್ಯುತ್ತದೆ.